ಕಬ್ಬಿಣದ ಕೈಯ ರಾಕ್ಷಸಿ

ಓರ್ನೆಲ್ಲಾ ಅಕ್ಕ,

ಮೊದಲ ಟ್ರಾಮಿಗೆ ಆಸ್ಪತ್ರೆಗೆ ಹೊರಟೆ, ನಿನ್ನನ್ನು ಎಬ್ಬಿಸಲಿಲ್ಲ. ಜೋಳದ ಹಿಟ್ಟಿನ ಪೊಲೆಂಟಾ ಒಲೆಯ ಮೇಲಿದೆ. ತಿನ್ನುವ ಮೊದಲೇ ವಾಂತಿ ತಡೆಯುವ ಮಾತ್ರೆ ನುಂಗು, ನಿನ್ನೆಯ ಕೀಮೋ ಇವತ್ತು ಕಾಡುತ್ತದೆ.

ಹೋದ ವರ್ಷ ನಮ್ಮಿಬ್ಬರಲ್ಲೂ ಅಮ್ಮನ ಕ್ಯಾನ್ಸರಿನ ಜೀನ್ ಸಿಕ್ಕಾಗ, ರೋಗ ಬರುವ ಮೊದಲೇ ಸ್ತನ ತೆಗೆಸಲು ನೀನು ಒಪ್ಪಿದ್ದೆ. ರೋಬೋಟು ಕಂಕುಳಲ್ಲಿ ಚಿಕ್ಕದಾಗಿ ಕೊಯ್ದು ಮುಗಿಸುತ್ತದೆ ಎಂದು ಡಾಕ್ಟರು ಹೇಳಿದ ಸಂಜೆ, ನಾನು ಅಜ್ಜಿ ಹೇಳುತ್ತಿದ್ದ, ಮಲಗಿದವರ ಎದೆ ಬಗೆಯುವ ಕಬ್ಬಿಣದ ಕೈಯ ರಾಕ್ಷಸಿಯ ಕಥೆ ತೆಗೆದೆ. "ಸುಮ್ನಿರೇ ಜಿನೆವ್ರಾ, ಮೈ ಜುಮ್ಮನ್ನುತ್ತೆ" ಎಂದು ನೀನು ನಕ್ಕೆ. ಮರುದಿನವೇ ನೀನು ಆಪರೇಷನ್ ಬೇಡವೆಂದು ಆಸ್ಪತ್ರೆಗೆ ಫೋನ್ ಮಾಡಿದೆ. ಆರು ತಿಂಗಳಿಗೆ ನಿನ್ನ ಎದೆಯಲ್ಲಿ ಗಂಟು ಬಂತು.

ಇವತ್ತು ಅದೇ ಯಂತ್ರದ ಕೆಳಗೆ, ಗಂಟಿಲ್ಲದೆ, ನಾನು ಮಲಗುತ್ತೇನೆ. ಸಂಜೆ ನೋಡಲು ಬರಬೇಡ, ಸುಸ್ತಾಗುತ್ತೀಯ. ಬಂದರೆ ಮಾತ್ರ ಒಂದು ಸಲ ಬಾಯ್ತುಂಬ ಬೈದುಬಿಡು. ಇಷ್ಟು ದಿನ ನೀನು ಬೈಯದಿರುವುದನ್ನು ನನ್ನಿಂದ ತಡೆದುಕೊಳ್ಳಲಾಗುತ್ತಿಲ್ಲ.