ಯಾರಿಗೂ ಕೇಳಿಸದ ಸದ್ದು

ಹರಿಹರ
ಫೆಬ್ರವರಿ ೩೦, ೨೨೯೧

ಹಿರಿಯರೇ,

ದಿನಾಂಕ ನೋಡಿ ನಗಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮನ್ನು ಕ್ಷಮಿಸುವ ಮಾತು ಬೇರೆ.

ನಿಮ್ಮ ಕಾಲದಲ್ಲಿ ಒಂದು ಫೋನು ಇನ್ನೊಂದಕ್ಕೆ ತೀರಾ ಕೀರಲು ದನಿಯಲ್ಲಿ ಮಾಹಿತಿ ದಾಟಿಸುವುದನ್ನು ಕಲಿತಿತ್ತಂತೆ. ತಂತಿ ಬೇಡ, ಸ್ಪೀಕರು ಮೈಕು ಇದ್ದರಾಯಿತು. ಈ ದನಿ ಯಾರಿಗೂ ಕೇಳಿಸುವುದಿಲ್ಲ ಎಂದು ಹೆಮ್ಮೆಯಿಂದ ಬರೆದಿರಿ. ನಾವು ಅದನ್ನು ಸಣ್ಣುಲಿ ಎನ್ನುತ್ತೇವೆ. ನಾನು ಚಿಕ್ಕವಳಿದ್ದಾಗ ಅದು ಅಲ್ಲಲ್ಲಿ ಇತ್ತು, ಅಷ್ಟೆ. ಈಗ ನಮ್ಮ ಮನೆಯ ಬಾಗಿಲು ದೀಪಕ್ಕೆ ಉಲಿಯುತ್ತದೆ, ದೀಪ ಒಲೆಗೆ, ಒಲೆ ನೀರಿನ ಟ್ಯಾಂಕಿಗೆ. ಬಸ್ಸು ಹತ್ತಿದರೆ ಸೀಟುಗಳೆಲ್ಲ ಹರಟೆ ಹೊಡೆಯುತ್ತಿರುತ್ತವೆ. ನನಗೆ ಒಂದೂ ಕೇಳಿಸುವುದಿಲ್ಲ. ನನ್ನಂಥ ಬೆಳೆದವರ ಕಿವಿಗಳನ್ನು ಪರೀಕ್ಷಿಸಿಯೇ ನೀವು ‘ಯಾರಿಗೂ’ ಎಂದಿದ್ದು. ಮಕ್ಕಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಮಕ್ಕಳಿಗೆ ಎಲ್ಲವೂ ಕೇಳಿಸುತ್ತದೆ. ನನ್ನ ಮಗಳು ತಲೆದಿಂಬಿನ ಕೆಳಗೆ ತಲೆ ತೂರಿಸಿ ಅಳುತ್ತಿದ್ದಳು. ಯಂತ್ರಗಳನ್ನು ಸುಮ್ಮನಿರಿಸಿ ಎಂದು ಯಾರೂ ಕೇಳಲಿಲ್ಲ. ಬದಲಿಗೆ, ಅವಳು ಹುಟ್ಟುವ ಮೊದಲೇ, ಮಕ್ಕಳ ಕಿವಿಯನ್ನೇ ಮಂದ ಮಾಡುವ ‘ಕಿವಿಕಟ್ಟು’ ಬಂದಿತ್ತು. ನೀವು ಕಿವಿ ಚುಚ್ಚಿಸುತ್ತಿದ್ದಂತೆ ನಾವು ಅದಕ್ಕೂ ಶಾಸ್ತ್ರ ಮಾಡಿಕೊಂಡೆವು. ಸೋದರಮಾವನ ತೊಡೆಯ ಮೇಲೆ ಕೂರಿಸಿ, ಬಾಯಿಗೆ ಬೆಲ್ಲ ಇಟ್ಟು, ಕಿವಿಗೆ ಸೂಜಿ. ಕಿವಿಕಟ್ಟು ಆಗದ ಮಗುವನ್ನು ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ.

ಸಣ್ಣುಲಿ ಮಾತ್ರ ಹೋಗುತ್ತದೆ ಎನ್ನುತ್ತಾರೆ. ಅದರ ಜೊತೆಗೆ ‘ಸ’, ‘ಶ’ ಕೂಡ ಹೋಗುತ್ತವೆ. ತಿಳಿದವರು ಮಕ್ಕಳಿಗೆ ಗೌರಿ, ನಂದಿನಿ ಎಂದು ಹೆಸರಿಡುತ್ತಾರೆ. ನಾನು ಅಜ್ಜಿಯ ಮೇಲಿನ ಮೋಹಕ್ಕೆ ಸರಸಿ ಎಂದಿಟ್ಟೆ.

ಹೋದ ವಾರ ನನ್ನ ತಮ್ಮ ಮಹಾಂತೇಶನ ತೊಡೆಯ ಮೇಲೆ ಅವಳಿಗೂ ಆಯಿತು. ಆ ರಾತ್ರಿ ದಿಂಬಿನ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು. ನನಗೆ ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ತಿಂಡಿಗೆ ಕರೆದೆ. ಬರಲಿಲ್ಲ. ಹತ್ತಿರ ಹೋಗಿ ಮತ್ತೆ ಕರೆದೆ. ನನ್ನ ಬಾಯಿಯನ್ನೇ ನೋಡುತ್ತ, “ಅಮ್ಮ, ನನ್ ಹೆಸರು ಯಾಕೆ ಅರ್ಧಾನೇ ಕರೀತೀಯ?” ಎಂದಳು.

ಇದಕ್ಕೆ ಉತ್ತರ ಕೊಡಬೇಕಾದವರು ನೀವು. ಅದಾಗದಿದ್ದರೆ ಇಷ್ಟಾದರೂ ಮಾಡಿ: ಯಾರಿಗೂ ಕೇಳಿಸುವುದಿಲ್ಲ ಎಂದು ಬರೆಯುವ ಮೊದಲು ಮನೆಯಲ್ಲಿರುವ ಮಗುವನ್ನು ಕರೆದು ಕೇಳಿ. ಈಗಿನ್ನೂ ಅದಕ್ಕೆ ನೀವು ಕರೆದದ್ದು ಪೂರ್ತಿ ಕೇಳಿಸುತ್ತದೆ.

ಇಂತಿ,
‘ಅರಇ’ಯ ತಾಯಿ