ಮೂರು ಹೊಡೆತ, ಒಂದು ಬಿಡುವು

ಮಾರ್ಚ್ 4, ಸೋಮವಾರ. ಪೆಂಬಾ

ಇವತ್ತೂ ರಿಮ್ಮಿಗೆ ಎಣ್ಣೆ ಸವರಿದೆ. ತುಕ್ಕು ಉಜ್ಜಬೇಡ, ಅದೇ ಚೆಂದ ಎಂದರು ಡೋನಾ ಇಲ್ಡಾ. ಪ್ರದರ್ಶನ ನಡೆಸುವವರು ಅವರೇ, ರಾಜಧಾನಿ ಮಾಪುಟೊದವರು. ಅದೇ ತುಕ್ಕು ಕೈಗಂಟಿದರೆ ಮಾತ್ರ ಮುಖ ಸಿಂಡರಿಸುತ್ತಾರೆ.

ಹಳೇ ಯುದ್ಧದ ಮಿಲಿಟರಿ ಲಾರಿಯ ಚಕ್ರದ ರಿಮ್. ನಮ್ಮೂರು ನಕೋಟೊದಲ್ಲಿ ಶಾಲೆಯ ಮಾವಿನ ಮರಕ್ಕೆ ನಾನು ಹುಟ್ಟುವ ಮೊದಲೇ ಗಂಟೆಯಾಗಿ ನೇತುಬಿದ್ದಿತ್ತು. ಈಗ ಹಾಲ್ ಮಧ್ಯೆ, ಸರಪಳಿಯಲ್ಲಿ. ಸುತ್ತ ಖಾಲಿ ಬೆಂಚುಗಳು. ಬಂದವರು ಕಬ್ಬಿಣದ ಸರಳಿನಿಂದ ಒಂದೇ ಏಟು ಹೊಡೆದು, ದನಿ ಆರುವವರೆಗೆ ಕೂರಬೇಕು. ಅಷ್ಟೇ ನನ್ನ ಕಲಾಕೃತಿ.

ಅಕ್ಕ ಆತಿಜಾ ಫೋನ್ ಮಾಡಿದ್ದಳು. ಶಾಲೆಯ ಅಡುಗೆ ಅವಳದು, ಗಂಟೆ ಹೊಡೆಯುವ ಕೆಲಸವೂ ಅವಳದೇ.

"ತುಕ್ಕು ಹಿಡ್ದಿರೋ ಕಬ್ಬಿಣ ನೋಡೋಕೆ ಜನ ಇಸ್ತ್ರಿ ಬಟ್ಟೆ ಹಾಕ್ಕೊಂಡ್ ಬರ್ತಾರೇನೇ ಮುವಾಜುಮಾ?"

"ಬರ್ತಾರಕ್ಕ. ಬದಲಿಗೆ ಕಳ್ಸಿದ ಹಿತ್ತಾಳೆ ಗಂಟೆ ಹೆಂಗಿದೆ?"

"ಅದಾ? ಮೇಕೆ ಕೊರಳಿಗೆ ಕಟ್ಟಿದ್ರೆ ಮೇಕೆಗೂ ನಾಚ್ಕೆ ಆಗತ್ತೆ. ಹೊಳೆಯಾಚೆ ಮಕ್ಕಳಿಗೆ ಕೇಳಲ್ಲ ಕಣೇ."

"ಒಂದು ತಿಂಗಳು ತಡ್ಕೋ. ತಂದು ಕಟ್ತೀನಿ."

"ಕಟ್ಟದಿದ್ರೆ ನಿನ್ನನ್ನೇ ಆ ಮರಕ್ಕೆ ನೇತಾಕ್ತೀನಿ."

ಇಬ್ಬರೂ ನಕ್ಕೆವು. ಆಮೇಲೆ ಬೆಂಚುಗಳಿಗೆ ವಾರ್ನಿಶ್ ಹೊಡೆದೆ.

ಮಾರ್ಚ್ 8, ಶುಕ್ರವಾರ

ಉದ್ಘಾಟನೆ ಆಯಿತು.

ಬ್ಯಾಂಕಿನ ದೊಡ್ಡ ಮನುಷ್ಯರೊಬ್ಬರಿಗೆ ಒಂದು ಏಟು ಸಾಲಲಿಲ್ಲ. ಹೆಂಡತಿ ವಿಡಿಯೊ ಹಿಡಿದಳು — ಇವರು ಢಣಢಣ ಬಿಡುವಿಲ್ಲದೆ ಬಾರಿಸಿದರು. ಗೋಡಂಬಿ ತಟ್ಟೆ ಹಿಡಿದು ಓಡಾಡುತ್ತಿದ್ದ ಕಸಗುಡಿಸುವ ರಾಬಿಯಾ ತಟ್ಟೆ ಬಿಟ್ಟಳು. ಮೂಲೆಯಲ್ಲಿ ಮಲಗಿದ್ದ ಕೂಸನ್ನು ಬಾಚಿಕೊಂಡು, ಬಟ್ಟೆಯಲ್ಲಿ ಬೆನ್ನಿಗೆ ಬಿಗಿದು, ಹಿಂಬಾಗಿಲಿನಿಂದ ಓಡಿದಳು. ಜನ ಚಪ್ಪಾಳೆ ತಟ್ಟಿದರು. ಇದೂ ಪ್ರದರ್ಶನದ ಭಾಗ ಅಂದುಕೊಂಡರು!

ಹುಡುಕಿಕೊಂಡು ಹೋದೆ. ಕಡಲ ದಡದಲ್ಲಿ, ಮಗುಚಿ ಹಾಕಿದ ದೋಣಿಯ ಹಿಂದೆ ಸಿಕ್ಕಳು. ಕೂಸಿನ ಬಾಯಿ ಮುಚ್ಚಿ ಹಿಡಿದಿದ್ದಳು. ಹೋದ ವರ್ಷ ಬಂಡುಕೋರರು, ನಮ್ಮ ಬಾಯಲ್ಲಿ ಬಂದೂಕಿನವರು, ಸುಟ್ಟ ಊರಿನಿಂದ ಬಂದವಳು.

"ಬಿಡದೇ ಹೊಡೆದ್ರಲ್ಲಕ್ಕ... ನಮ್ಮ ಕಡೆ ಮೂರು ಹೊಡೆದು ಬಿಟ್ರೆ ಬನ್ನಿ ಅಂತ. ಸ್ಕೂಲು, ಊಟ, ಮೀಟಿಂಗು. ಬಿಡದೇ ಹೊಡೆದ್ರೆ ಓಡಿ ಅಂತ."

"ನಮ್ಮೂರಲ್ಲೂ ಹಂಗೇ."

"ಹಂಗಾದ್ರೆ ಈಗ ನಿಮ್ಮೂರಲ್ಲಿ ಏನು ಹೊಡೀತಾರೆ?"

ಫೋನ್ ಟವರ್ ಬಂದಿದೆ, ಎಲ್ಲರ ಕೈಯಲ್ಲೂ ಫೋನಿದೆ, ಅಪಾಯ ಅಂದರೆ ಒಂದು ಮೆಸೇಜ್ ಸಾಕು — ಗಂಟೆ ಕೊಡಲು ಊರ ಹಿರಿಯರನ್ನು ಹೀಗೇ ಒಪ್ಪಿಸಿದವಳು ನಾನು.

ಮಾರ್ಚ್ 9

ಆತಿಜಾ ಫೋನಿಗೆ ಸಿಕ್ಕಳು. ನನಗೇ ಬೈದಳು. "ಹೆದರುಪುಕ್ಲಿ! ಬಂದೂಕಿನೋರು ಹೊಳೆಯಿಂದ ಎಷ್ಟೋ ಆಚೆ ಇದಾರೆ. ಊಟ ಮಾಡಿ ಮಲ್ಕೋ." ಸ್ವಲ್ಪ ಉಸಿರಾಡಿದೆ.

ಮಾರ್ಚ್ 17, ಭಾನುವಾರ

ಅಕ್ಕನ ಫೋನ್ ಸ್ವಿಚ್ ಆಫ್. ಮೇಷ್ಟ್ರದೂ. ಅಂಗಡಿ ಬಕಾರ್‌ದೂ. ಊರಿನ ಒಂದೇ ಒಂದು ನಂಬರ್ ಹತ್ತುತ್ತಿಲ್ಲ.

ದಡಕ್ಕೆ ಹೋದೆ. ಉತ್ತರದಿಂದ ದೋಣಿಗಳು ಬರುತ್ತಲೇ ಇವೆ. ಕೋಳಿ, ಚಾಪೆ, ಮುದುಕಿಯರು. ನಕೋಟೊದವರು ಯಾರಾದರೂ? ಒಬ್ಬ ಮುದುಕ ಮಾತ್ರ ಹೇಳಿದ — "ಮೊದ್ಲು ಟವರ್ ಸುಟ್ರಮ್ಮ. ಆಮೇಲೆ ಊರುಗಳಿಗೆ ಬಂದ್ರು."

ಹೆದರಿಕೆಯಾಗುತ್ತಿದೆ. ಬರೆದರೆ ಕಡಿಮೆಯಾದೀತು ಅಂದುಕೊಂಡೆ. ಆಗುತ್ತಿಲ್ಲ. ಅಕ್ಕ ಆ ಮೇಕೆ ಗಂಟೆ ಹಿಡಿದು ಅಲ್ಲಾಡಿಸುತ್ತಿರುವುದೇ ಕಣ್ಣಿಗೆ ಬರುತ್ತದೆ. ಯಾರಿಗೂ ಕೇಳಿಸುತ್ತಿಲ್ಲ.

ಮಾರ್ಚ್ 18

"ರಿಮ್ ಬೇಕು" ಎಂದೆ. ಡೋನಾ ಇಲ್ಡಾ ಕನ್ನಡಕ ತೆಗೆದರು.

"ಇಲ್ಲಿಂದ ಅದು ಲಿಸ್ಬನ್‌ಗೆ ಹೋಗೋದು ಗಟ್ಟಿಯಾಗಿದೆ ಮುವಾಜುಮಾ. ಇನ್ಶೂರೆನ್ಸ್ ಆಗಿದೆ. ಈಗ ಅದನ್ನ ತಗೊಂಡ್ ಹೋಗಿ ಏನ್ ಮಾಡ್ತೀಯ?"

"ಗೊತ್ತಿಲ್ಲ. ಅದು ಇಲ್ಲಿರೋದನ್ನ ನೋಡೋಕಾಗ್ತಿಲ್ಲ."

ಡೋನಾ ಇಲ್ಡಾ ಕೈಚೀಲ ತೆಗೆದುಕೊಂಡರು. "ನಾನು ಊಟಕ್ಕೆ ಹೋಗ್ತಿದೀನಿ. ಬರೋದು ತಡ ಆಗತ್ತೆ. ನಾನೇನೂ ನೋಡಿಲ್ಲ." ಹಾಲ್‌ನ ಬೀಗದ ಕೈ ಮೇಜಿನ ಮೇಲೇ ಇತ್ತು.

ಸರಪಳಿ ಬಿಚ್ಚಿದೆ. ರಾಬಿಯಾ ಇನ್ನೊಂದು ಕಡೆ ಹಿಡಿದಳು. ಉತ್ತರಕ್ಕೆ ಹೊರಟ ಒಣಮೀನಿನ ಲಾರಿಯಲ್ಲಿ ನನಗೊಬ್ಬಳಿಗೆ ಜಾಗ ಸಿಕ್ಕಿತು.

ಮಾರ್ಚ್ 20, ಬೆಳಿಗ್ಗೆ. ಕವಲುದಾರಿಯ ಚೆಕ್‌ಪೋಸ್ಟ್

ಇಲ್ಲಿಂದ ಮುಂದೆ ಬಿಡುವುದಿಲ್ಲವಂತೆ. ನಕೋಟೊ ಸುಟ್ಟುಹೋಗಿದೆ. ಸಾರ್ಜೆಂಟ್ ನೆಲ ನೋಡಿಕೊಂಡು ಹೇಳಿದ. ಕೆಲವರು ಸತ್ತಿದ್ದಾರೆ, ಉಳಿದವರು ಕಾಡು ಸೇರಿದ್ದಾರೆ. ಹಸಿದಿದ್ದರೂ ಹೊರಗೆ ಬರುತ್ತಿಲ್ಲ. ರಸ್ತೆಯಲ್ಲಿರುವವರು ಸೈನಿಕರೋ ಬಂದೂಕಿನವರೋ ಅವರಿಗೆ ಹೇಗೆ ಗೊತ್ತಾಗಬೇಕು? ಕೂಗಿದರೂ ಬರುವುದಿಲ್ಲ, ಮೈಕಿನಲ್ಲಿ ಕರೆದರೂ ಬರುವುದಿಲ್ಲ.

ಗಂಟೆಗೆ ಬಂದಾರು.

ರಸ್ತೆ ಬದಿಯ ಗೋಡಂಬಿ ಮರಕ್ಕೆ ರಿಮ್ ಕಟ್ಟಿದೆ. ಸರಳು ಎತ್ತುವಷ್ಟರಲ್ಲಿ ಸಾರ್ಜೆಂಟ್ ಕೈ ಹಿಡಿದ.

"ಬೇಡ ತಾಯಿ. ಬಂದೂಕಿನೋರಿಗೂ ಕೇಳತ್ತೆ."

"ಅವ್ರಿಗೆ ಇದರ ಅರ್ಥ ಗೊತ್ತಿಲ್ಲ ಸಾರ್ಜೆಂಟ್ರೇ."

"ಗೊತ್ತು. ಅವ್ರಲ್ಲಿ ನಿಮ್ಮೂರ ಹುಡುಗ್ರೂ ಇದಾರೆ. ಇದೇ ಗಂಟೆಗೆ ಸ್ಕೂಲಿಗೆ ಹೋದೋರು."

ಮೀನಿನ ಬುಟ್ಟಿಯ ಮೇಲೆ ಕೂತೆ. ಕರೆಯದಿದ್ದರೆ ಅಕ್ಕ ಅಲ್ಲೇ ಸಾಯುತ್ತಾಳೆ. ಕರೆದರೆ ಅವಳನ್ನು ಬಯಲಿಗೆ ತಂದು ನಿಲ್ಲಿಸಿದವಳು ನಾನಾಗುತ್ತೇನೆ.

ಎದ್ದು ಹೊಡೆದೆ. ಮೂರು. ಬಿಡುವು. ಮೂರು. ಅವನು ತಡೆಯಲಿಲ್ಲ. ತನ್ನ ಸೈನಿಕರನ್ನು ಕಂದಕದೊಳಗೆ ಅಡಗಿಸಿ ಬಂದೂಕು ಕಾಡಿನ ಕಡೆ ತಿರುಗಿಸಿದ.

ಅದೇ ದಿನ, ಮಧ್ಯಾಹ್ನ

ಎಂಟು ಜನ ಬಂದರು. ಮೇಷ್ಟ್ರ ಹೆಂಡತಿ, ಮೂವರು ಮಕ್ಕಳು, ಬಕಾರ್‌ನ ಮನೆಯವರು. ಮಕ್ಕಳು ಸಾಲಾಗಿ ಬಂದು ಮರದಡಿ ನಿಂತವು, ಬೆಳಗಿನ ಪ್ರಾರ್ಥನೆಗೆ ನಿಲ್ಲುವ ಹಾಗೆ. ಅತ್ತುಬಿಟ್ಟೆ.

"ಆತಿಜಾ ಎಲ್ಲಿ?"

"ಎಲ್ರೂ ಓಡ್ತಿದ್ರು. ಅವ್ಳು ಮಾತ್ರ ಆ ಪುಟ್ಟ ಗಂಟೆ ಹಿಡ್ಕೊಂಡು ಮನೆ ಮನೆಗೆ ಹೋದ್ಳು. ಬಾಗಿಲಿಗೆ ಹೋಗಿ ಹೊಡೆದ್ರೇನೇ ಕೇಳೋದು ಅದು." ಎಂದರು ಮೇಷ್ಟ್ರ ಹೆಂಡತಿ. ಆಮೇಲೆ ಅವಳನ್ನು ಕಂಡವರಿಲ್ಲ.

ಅದೇ ದಿನ, ಸಂಜೆ

ಭುಜ ಎತ್ತಲಾಗುತ್ತಿಲ್ಲ. ಈಗ ಸಾರ್ಜೆಂಟ್ ಹೊಡೆಯುತ್ತಿದ್ದಾನೆ. ಲೆಕ್ಕ ತಪ್ಪಿಸಬೇಡ ಎಂದು ಹೇಳಿದ್ದೇನೆ. ಮೂರು. ಬಿಡುವು.

ಆ ಬಿಡುವಿನಲ್ಲಿ ಏನೋ ಕೇಳಿತು. ಸಣ್ಣಗೆ. ಹಿತ್ತಾಳೆ.

ಅವನ ಕೈ ನಿಂತಿತು. ಕಾಡಿನಿಂದ ಕಿಣಿ ಕಿಣಿ ಕಿಣಿ. ಬಿಡುವು. ಮತ್ತೆ ಮೂರು.

"ನಿಮ್ಮಕ್ಕನಾ?" ಎಂದ ಪಿಸುಮಾತಿನಲ್ಲಿ. ಬಂದೂಕಿನ ಕೀಲಿ ತೆಗೆದ ಸದ್ದು.

ಗಂಟೆ ಅವಳದೇ. ಕೈ ಯಾರದು, ಅವಳದೋ, ಬಂದೂಕಿನವರದೋ? ಬರೆಯುವುದನ್ನು ನಿಲ್ಲಿಸಿದರೆ ನೋಡಬೇಕಾಗುತ್ತದೆ.

ಹತ್ತಿರವಾಯಿತು. ಮೂರು. ಬಿಡುವು. ಮರಗಳ ಸಂದಿಯಲ್ಲಿ ಯಾರೋ ಕುಂಟುತ್ತಾ ಬರುತ್ತಿದ್ದಾರೆ. ಪೆನ್ನು ಕೆಳಗಿಡುತ್ತೇನೆ.