ನಲವತ್ತೇಳನೆಯ ಪ್ರಶ್ನೆಗೆ ಸರಿಯುತ್ತರ ಬರೆದ ತಪ್ಪಿಗೆ

ಗೋಕಾಕ, ೮ ಏಪ್ರಿಲ್ ೨೦೦೨

ಸಹಕಾರಿ ಬ್ಯಾಂಕಿನ ನೇಮಕಾತಿ ಸಮಿತಿಯ ಅಧ್ಯಕ್ಷರೇ,

‘ಮಾನ್ಯರೇ’ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ನಿಮ್ಮ ಗುಮಾಸ್ತ ಹುದ್ದೆಯ ಪರೀಕ್ಷೆಯಲ್ಲಿ ಕಂಪ್ಯೂಟರ್ ವೈರಸ್ ಬಗ್ಗೆ ಕೇಳಿದ ಪ್ರಶ್ನೆಗೆ ಮೂಡಲಗಿಯ ಹುಡುಗಿಯೊಬ್ಬಳು ಸರಿಯಾದ ಉತ್ತರ ಬರೆದಳು. ನೀವು ಅದನ್ನು ತಪ್ಪೆಂದು ಹೊಡೆದು, ಒಂದೇ ಒಂದು ಅಂಕದಿಂದ ಆಕೆಯ ನೌಕರಿ ತಪ್ಪಿಸಿದ್ದೀರಿ. ತಪ್ಪು ಯಾರಿಂದಲಾದರೂ ಆಗುತ್ತದೆ. ಆದರೆ ಇದು ತಪ್ಪು ಎಂದು ತೋರಿಸಿಕೊಟ್ಟ ಮೇಲೂ ಅದಕ್ಕೇ ಮೊಹರು ಒತ್ತಿ ಗೋಡೆಗೆ ಅಂಟಿಸುವವರನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ, ಹೇಸಿಗೆಯಾಗುತ್ತದೆ. ಈ ಮೊದಲು ಬರೆದ ಮೂರು ಪತ್ರಗಳು ನಿಮ್ಮ ಯಾವ ಕಡತದಡಿ ಮಲಗಿವೆಯೋ ಗೊತ್ತಿಲ್ಲ. ಆದ್ದರಿಂದ ಈ ನಾಲ್ಕನೆಯದನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ.

ಓದುಗರಿಗಾಗಿ ಆ ಪ್ರಶ್ನೆಯನ್ನು ಇಲ್ಲಿ ಬರೆಯುತ್ತೇನೆ. ಪ್ರಶ್ನೆ ನಲವತ್ತೇಳು, ಎರಡು ಅಂಕ: ಕಂಪ್ಯೂಟರಿಗೆ ವೈರಸ್ ತಗಲದಂತೆ ಮೊದಲು ಏನು ಮಾಡಬೇಕು? ಒಂದನೆಯ ಆಯ್ಕೆ, ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಕೋಣೆಯನ್ನು ಧೂಳಿಲ್ಲದಂತೆ ಇಡಬೇಕು. ಎರಡನೆಯದು, ಹೊರಗಿನಿಂದ ಬಂದ ಫ್ಲಾಪಿಯನ್ನು ತಪಾಸಣೆ ಮಾಡಿಯೇ ತೆರೆಯಬೇಕು. ಉಳಿದೆರಡು ಲೆಕ್ಕಕ್ಕಿಲ್ಲ. ನಿಮ್ಮ ಸೂಚನಾ ಫಲಕದಲ್ಲಿ ಹಚ್ಚಿದ ಉತ್ತರಪಟ್ಟಿಯ ಪ್ರಕಾರ ಸರಿಯುತ್ತರ ಒಂದನೆಯದು. ಅಂದರೆ ನಿಮ್ಮ ಬ್ಯಾಂಕಿನಲ್ಲಿ ಸಾವಿರಾರು ಜನರ ಖಾತೆಗಳನ್ನು ಕಾಯುತ್ತಿರುವುದು ಬಾಗಿಲಲ್ಲಿ ಬಿದ್ದಿರುವ ಚಪ್ಪಲಿಗಳು. ಬಿಡಲು ಚಪ್ಪಲಿಯೇ ಇಲ್ಲದೆ ಬರಿಗಾಲಲ್ಲಿ ಬರುವ ಗ್ರಾಹಕರಿಂದ ಎಷ್ಟು ವೈರಸ್ ಬರುತ್ತದೆಂದು ನಿಮ್ಮ ಸಮಿತಿ ಯೋಚಿಸಿದೆಯೇ?

ಆ ಹುಡುಗಿಯ ಹೆಸರು ದೀಪಾ. ತಂದೆ ಶಿದ್ರಾಮ, ತಾಯಿ ಲಗಮವ್ವ. ಕುರಿ ಸಾಕಿದ ಮನೆತನ, ಜೊತೆಗೆ ಸ್ವಲ್ಪ ಹೊಲ. ಗೋಕಾಕದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ನಾನು ನಾಲ್ಕು ವರ್ಷದ ಹಿಂದೆ ಆರು ಕಂಪ್ಯೂಟರ್ ತಂದಾಗ, ಮೂಡಲಗಿಯಿಂದ ಬೆಳಗಿನ ಬಸ್ಸು ಹಿಡಿದು ಬಂದ ಮೊದಲ ವಿದ್ಯಾರ್ಥಿನಿ ಆಕೆ. ವೈರಸ್ ಎಂದರೆ ಯಾರೋ ಕಿಡಿಗೇಡಿ ಬರೆದ ಪ್ರೋಗ್ರಾಂ, ಫ್ಲಾಪಿಯಲ್ಲಿ ಅಡಗಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುತ್ತದೆ ಎಂದು ನಾನು ಅರ್ಧ ತಾಸು ಕೊರೆದರೂ ಉಳಿದವರು ಬಾಯಿ ಬಿಟ್ಟುಕೊಂಡು ಕೂತಿದ್ದರು. ಈಕೆ ಮಾತ್ರ ಎದ್ದು, “ತಿಳೀತ್ರಿ ಸರ್. ನಮ್ಮಪ್ಪ ಸಂತಿಯಿಂದ ತಂದ ಕುರೀನ ಸೀದಾ ಹಿಂಡಿನಾಗ ಕೂಡಸೂದಿಲ್ರಿ. ಎಂಟ ದಿನ ಬ್ಯಾರೆ ಕಟ್ಟಿ, ಬಾಯಿ, ಗೊರಸು ನೋಡ್ತಾನ್ರಿ. ಫ್ಲಾಪಿನೂ ಹಂಗ ಅಲ್ರಿ?” ಎಂದಳು. ಅಂದಿನಿಂದ ನಾನೂ ಹಾಗೆಯೇ ಪಾಠ ಮಾಡುತ್ತಿದ್ದೇನೆ. ಇದಕ್ಕಿಂತ ಚೆನ್ನಾಗಿ ಹೇಳುವುದು ನನಗೆ ಬರುವುದಿಲ್ಲ.

ಉತ್ತರಪಟ್ಟಿ ನೋಡಿದ ದಿನವೇ ಆಕೆ ನಿಮ್ಮ ಕಚೇರಿಗೆ ಲಿಖಿತ ಆಕ್ಷೇಪಣೆ ಕೊಟ್ಟಳು. ಬಹುಶಃ ಅದೇ ಆಕೆ ಮಾಡಿದ ಅಪರಾಧ. ಸಂದರ್ಶನದಲ್ಲಿ ನಿಮ್ಮ ಸಮಿತಿಯ ಕಂಪ್ಯೂಟರ್ ಪರಿಣತರು, ಅವರ ಹೆಸರು ಬೇಡ, ಆ ಅರ್ಜಿಯನ್ನೇ ಕೈಯಲ್ಲಿ ಹಿಡಿದು ಕೂತಿದ್ದರಂತೆ.

“ಧೂಳಿನಿಂದ ವೈರಸ್ ಬರೂದಿಲ್ಲೇನು?” ಎಂದು ಕೇಳಿದರು.

“ಇಲ್ರಿ ಸರ್. ಧೂಳಿನಿಂದ ಮಷೀನ ಕೆಡತೈತ್ರಿ, ವೈರಸ್ ಬರೂದಿಲ್ರಿ.”

“ಮತ್ತ ಹೆಂಗ ಬರತೈತಿ?”

ಆಕೆ ಫ್ಲಾಪಿಯ ವಿಷಯ ಹೇಳಿ, ಅವರಿಗೆ ಮನವರಿಕೆಯಾಗಲೆಂದು ಸಂತೆಯ ಕುರಿಯ ಮಾತನ್ನೂ ಹೇಳಿದಳು. ಪರಿಣತರು ನಕ್ಕರು. ಪಕ್ಕದಲ್ಲಿದ್ದವರೂ ನಕ್ಕರು. ಆಮೇಲೆ ಪರಿಣತರು, “ನೀ ಬ್ಯಾಂಕಿಗೆ ಬಂದೀಯೋ, ಕುರಿದಡ್ಡಿಗೆ ಬಂದೀಯೋ? ಹೋಗವಾ, ಕುರೀಗೋಳ ಬ್ಯಾಂಕ ತಗದಾಗ ಹೇಳಿ ಕಳಸ್ತೇವಿ” ಎಂದರು. ಅಧ್ಯಕ್ಷರೇ, ನೀವೂ ಅದೇ ಮೇಜಿನ ಹಿಂದೆ ಕೂತಿದ್ದಿರಿ. ನಕ್ಕಿರೋ ಇಲ್ಲವೋ ಆಕೆ ನನಗೆ ಹೇಳಲಿಲ್ಲ. ಆದರೆ ನೀವು ಸುಮ್ಮನಿದ್ದಿರಿ ಎಂಬುದಂತೂ ಖರೆ.

ಹದಿನೈದು ದಿನದ ಮೇಲೆ ಆಯ್ಕೆಪಟ್ಟಿ ಬಂತು. ದೀಪಾಳ ಹೆಸರು ಕೊನೆಯ ಹೆಸರಿನ ಕೆಳಗೆ, ಗೆರೆಯ ಆಚೆ. ಅಂತರ ಒಂದು ಅಂಕ. ನಲವತ್ತೇಳನೆಯ ಪ್ರಶ್ನೆಯ ಎರಡು ಅಂಕ ಕೊಟ್ಟಿದ್ದರೆ ಆಕೆ ಗೆರೆಯ ಈಚೆ ಇರುತ್ತಿದ್ದಳು. ಇದಕ್ಕೆ ದೊಡ್ಡ ಗಣಿತವೇನೂ ಬೇಡ.

ನಾನು ನಿಮ್ಮ ಕಚೇರಿಗೆ ಬಂದೆ. ನೀವು ಊರಲ್ಲಿರಲಿಲ್ಲ, ನಾನು ಬಂದಾಗಲೆಲ್ಲ ನೀವು ಊರಲ್ಲಿರುವುದಿಲ್ಲ. ಪರಿಣತರು ಸಿಕ್ಕರು. ಈ ಪ್ರಶ್ನೆಯನ್ನು ಯಾವ ಪುಸ್ತಕದಿಂದ ತೆಗೆದಿರಿ ಎಂದು ಜಬರ್ದಸ್ತಾಗಿಯೇ ಕೇಳಿದೆ. ಅವರು ನಗುತ್ತ, “ಪುಸ್ತಕ ಯಾಕ್ ಬೇಕ್ರಿ ಮಾಸ್ತರ? ನಿಮ್ಮ ಬಾಗಲದಾಗ ಬೋರ್ಡ ಐತೆಲ್ಲ, ಅದನ್ನ ಓದಿ ಬರದೇನ್ರಿ” ಎಂದರು.

ಇಲ್ಲಿ ನಾನು ತಲೆ ತಗ್ಗಿಸಬೇಕು. ಆ ಫಲಕ ನನ್ನದೇ. ಕ್ಲಾಸು ಸುರುವಾದಾಗ ಹುಡುಗರು ಕೆಸರುಗಾಲಲ್ಲೇ ಒಳಗೆ ನುಗ್ಗುತ್ತಿದ್ದರು. ‘ಧೂಳು ಆಗುತ್ತದೆ, ಚಪ್ಪಲಿ ಹೊರಗೆ ಬಿಡಿ’ ಎಂದು ಬರೆಸಿದರೆ ಯಾರೂ ಕ್ಯಾರೇ ಎನ್ನಲಿಲ್ಲ. ‘ಚಪ್ಪಲಿ ಹೊರಗೆ ಬಿಡಿ, ವೈರಸ್ ತಡೆಯಿರಿ’ ಎಂದು ಬರೆಸಿದೆ. ಮರುದಿನದಿಂದ ದೇವರ ಗುಡಿಗೆ ಬಂದ ಹಾಗೆ ಸಾಲಾಗಿ ಬಿಡತೊಡಗಿದರು. ನೆಲ ಒರೆಸುವ ಶೆಟ್ಟೆವ್ವನಿಗೆ ಕೆಲಸ ಕಡಿಮೆಯಾಯಿತು, ನನಗೆ ನನ್ನ ಜಾಣತನದ ಬಗ್ಗೆ ಸಂತೋಷವಾಯಿತು. ನಿಮ್ಮ ಪರಿಣತರು ನನ್ನಲ್ಲಿ ಹತ್ತು ದಿನ ಕಲಿಯಲು ಬಂದು, ಪಾಠಕ್ಕೆ ನಾಲ್ಕು ದಿನ ಕೂತು, ಫಲಕವನ್ನು ಹತ್ತೂ ದಿನ ಓದಿ ಹೋದವರು. ನನ್ನ ಅನುಕೂಲಕ್ಕೆ ನಾನು ಹೇಳಿದ ಒಂದು ಸುಳ್ಳು ನಾಲ್ಕು ವರ್ಷ ನಡೆದು ನಿಮ್ಮ ಪ್ರಶ್ನೆಪತ್ರಿಕೆಗೆ ಹೋಗಿ ಕೂತು, ನನ್ನದೇ ವಿದ್ಯಾರ್ಥಿನಿಯ ಅನ್ನಕ್ಕೆ ಕಲ್ಲು ಹಾಕಿತು. ಹೇಸಿಗೆ ಎಂದೆನಲ್ಲ, ಅದರಲ್ಲಿ ನನ್ನ ಪಾಲೂ ಇದೆ.

ಅದೇ ಸಂಜೆ ಫಲಕ ಕಿತ್ತು ಹಾಕಿದೆ. ಅದು ಸುಳ್ಳು, ಬರೆಸಿದವನು ನಾನೇ ಎಂದು ಛಾಪಾ ಕಾಗದದ ಮೇಲೆ ಬರೆದು, ರುಜು ಮಾಡಿ ನಿಮಗೆ ಕಳಿಸಿದೆ. ನಿಮ್ಮ ಕಚೇರಿಯಿಂದ ಬಂದ ಒಂದೇ ಉತ್ತರ: ‘ಒಮ್ಮೆ ಪ್ರಕಟಿಸಿದ ಉತ್ತರಪಟ್ಟಿಯನ್ನು ಬದಲಿಸಲು ಅವಕಾಶವಿರುವುದಿಲ್ಲ.’ ಸುಳ್ಳು ಹೇಳಿದವನೇ ಬಂದು ಸುಳ್ಳು ಎಂದರೂ ನಂಬದಷ್ಟು ನಿಷ್ಠೆ ನಿಮ್ಮದು. ನನ್ನ ಪಾಠಕ್ಕೆ ಇಷ್ಟು ಶ್ರದ್ಧೆಯ ಶಿಷ್ಯರು ಮತ್ತೆಲ್ಲೂ ಸಿಕ್ಕಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ಕಳೆದ ತಿಂಗಳು ನಿಮ್ಮ ಹುಕ್ಕೇರಿ ಶಾಖೆಯ ಕಂಪ್ಯೂಟರುಗಳು ಎರಡು ದಿನ ಬಂದಾದವು. ಜನ ಹೊರಗಿನ ಕಟ್ಟೆಯ ಮೇಲೆ ಕೂತು ಕೂತು ಮನೆಗೆ ಹೋದರು. ಶಾಖೆಯವರು ನನಗೆ ಫೋನು ಮಾಡಿದರು. ಇಂಥ ಕೆಲಸದಲ್ಲಿ ನನಗಿಂತ ದೀಪಾಳ ಕೈ ಚುರುಕು, ಆದ್ದರಿಂದ ಆಕೆಯನ್ನು ಕರೆದುಕೊಂಡು ಹೋದೆ. ಕರೆಯುವಾಗ ನಾಚಿಕೆಯಾಯಿತು. ಆಕೆ ಮಾತ್ರ, “ಬ್ಯಾಂಕ ಅವರದ ಇರಬಹುದ್ರಿ, ಖಾತೆ ಜನರದ ಐತೆಲ್ರಿ” ಎಂದು ಚೀಲ ಹೆಗಲಿಗೇರಿಸಿದಳು.

ಅಲ್ಲಿ ಪರದೆಯ ಮೂಲೆಗೆ ಒಂದು ಚೀಟಿ ಅಂಟಿಸಿತ್ತು, ಅದರ ಮೇಲೆ ಪಾಸ್‌ವರ್ಡ್. ಮೂವರು ನೌಕರರಿಗೂ ಅದೊಂದೇ. ಕೌಂಟರಿನ ಈಚೆ ನಿಂತ ಗ್ರಾಹಕರಿಗೂ ಓದಲು ಬರುವಷ್ಟು ದೊಡ್ಡ ಅಕ್ಷರ. ಇದನ್ನು ತೆಗೆಸಿ, ಒಬ್ಬೊಬ್ಬರಿಗೆ ಒಂದೊಂದು ಇರಲಿ ಎಂದು ದೀಪಾ ಹೇಳಿದಾಗ ಶಾಖೆಯ ಮ್ಯಾನೇಜರು, “ಒಂದ ಮನಿಯವರ ಇದ್ದಂಗ ಅದೀವ್ರಿ, ಒಬ್ಬರಿಗೊಬ್ಬರು ಮುಚ್ಚಿಡೂದ ಏನೈತಿ?” ಎಂದರು. ಒಂದು ಮನೆಯವರಾದರೆ ಖಜಾನೆಗೆ ಬೀಗವಾದರೂ ಏಕೆ ಸ್ವಾಮಿ?

ತಾಸೊಪ್ಪತ್ತಿನಲ್ಲಿ ಆಕೆ ಮೂಲ ಹಿಡಿದಳು. ವೈರಸ್ ಇದ್ದದ್ದು ಒಂದು ಫ್ಲಾಪಿಯಲ್ಲಿ. ಫ್ಲಾಪಿ ಬಂದದ್ದು ಗೋಕಾಕದ ನಿಮ್ಮ ಕಚೇರಿಯಿಂದ. ಅದರಲ್ಲಿದ್ದ ಕಡತ, ಅಧ್ಯಕ್ಷರೇ, ನಿಮ್ಮ ಆಯ್ಕೆಪಟ್ಟಿ. ಯಾರೂ ತಪಾಸಣೆ ಮಾಡದೆ ಅದನ್ನು ಶಾಖೆಯಿಂದ ಶಾಖೆಗೆ ಕಳಿಸಿದ್ದೀರಿ. ಕಡತ ಶುದ್ಧವಾಯಿತೇ ಎಂದು ತೆರೆದು ನೋಡಲೇಬೇಕಿತ್ತು, ಆಕೆ ತೆರೆದಳು. ಗೆರೆಯ ಆಚೆ ಇರುವ ತನ್ನ ಹೆಸರನ್ನು ಒಮ್ಮೆ ನೋಡಿದಳು. ಫ್ಲಾಪಿ ಹೊರತೆಗೆದು ಮ್ಯಾನೇಜರ ಕೈಗೆ ಕೊಟ್ಟು, “ಈಗ ಬರೋಬ್ಬರಿ ಐತ್ರಿ” ಎಂದಳು. 

ಮರುವಾರ ನಿಮ್ಮ ಎಲ್ಲ ಶಾಖೆಗಳಿಗೆ ಸುತ್ತೋಲೆ ಹೋಗಿದೆ. ಅದರ ಪ್ರತಿ ನನ್ನ ಹತ್ತಿರ ಇದೆ. ಹುಕ್ಕೇರಿಯ ಘಟನೆಯ ಹಿನ್ನೆಲೆಯಲ್ಲಿ ಕಂಪ್ಯೂಟರ್ ಕೋಣೆಗೆ ಪಾದರಕ್ಷೆ ಸಮೇತ ಪ್ರವೇಶಿಸುವವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು ಎಂದಿದೆ. ಓದಿ ನಗಬೇಕೆಂದುಕೊಂಡೆ. ಆಗಲಿಲ್ಲ.

ನಾನು ಕೇಳುವುದು ಉಪಕಾರವಲ್ಲ. ನಲವತ್ತೇಳನೆಯ ಪ್ರಶ್ನೆಯ ಸರಿಯುತ್ತರವನ್ನು ತಿದ್ದಿ ಪ್ರಕಟಿಸಿ. ಎರಡನೆಯ ಆಯ್ಕೆ ಬರೆದ ಎಲ್ಲರಿಗೂ ಎರಡು ಅಂಕ ಕೊಟ್ಟು ಪಟ್ಟಿಯನ್ನು ಹೊಸದಾಗಿ ಮಾಡಿ. ಸಂದರ್ಶನದಲ್ಲಿ ಶಿದ್ರಾಮನ ಕಸುಬಿನ ಬಗ್ಗೆ ಆಡಿದ ಮಾತನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ. ಇದೆಲ್ಲ ಜೂನ್ ಹತ್ತರೊಳಗೆ ಆಗಬೇಕು. ಅಂದು ದೀಪಾಳಿಗೆ ಇಪ್ಪತ್ತೆಂಟು ತುಂಬುತ್ತದೆ, ನಿಮ್ಮದೇ ನಿಯಮದ ಪ್ರಕಾರ ವಯಸ್ಸು ಮೀರುತ್ತದೆ. ಅದಾದ ಮೇಲೆ ನೀವು ಕ್ಷಮೆ ಕೇಳಿದರೂ ಆಕೆಗೆ ನೌಕರಿ ಕೊಡಲಾರಿರಿ.

ಮೇ ತಿಂಗಳಲ್ಲಿ ಇನ್ನೊಂದು ಬ್ಯಾಂಕಿನ ಪರೀಕ್ಷೆ ಇದೆ, ಆಕೆಗೆ ಅದೇ ಕೊನೆಯದು. ಈಗಲೂ ಬೆಳಗಿನ ಬಸ್ಸಿಗೆ ಬಂದು ಓದುತ್ತಾಳೆ. ನಿನ್ನೆ ಪುಸ್ತಕ ಮುಚ್ಚಿಟ್ಟು ನನ್ನ ಮೇಜಿನ ಮುಂದೆ ಬಂದು ನಿಂತು, “ಸರ್, ಈ ಸಲ ಖರೆ ಉತ್ತರ ಬರೀಲ್ಯೋ, ಅವರಿಗೆ ಬೇಕಾದ್ದ ಬರೀಲ್ಯೋ?” ಎಂದು ಕೇಳಿದಳು. ಹದಿನಾರು ವರ್ಷದ ಮಾಸ್ತರಿಕೆಯಲ್ಲಿ ಇಂಥ ಪ್ರಶ್ನೆಗೆ ನಾನು ತಡವರಿಸಿದವನಲ್ಲ. ನಿನ್ನೆ ತಡವರಿಸಿದೆ. ಪರೀಕ್ಷೆಗೆ ಮೊದಲು ಹೇಳುತ್ತೇನೆ ಎಂದು ಕಳಿಸಿದ್ದೇನೆ. ಏನು ಹೇಳಲಿ, ನೀವೇ ತಿಳಿಸಿ.

ಇಂತಿ,
ಉತ್ತರ ಗೊತ್ತಿದ್ದೂ ಹೇಳಲು ಬಾಯಿ ಬಾರದ ಮಾಸ್ತರ,
ಆಬಾಸಾಹೇಬ ಮಗದುಮ್, ಗೋಕಾಕ